ಹೋಮ್ಸ್‌ನನ್ನು ಬರೆದ ಕಣ್ಣಿನ ಡಾಕ್ಟರು ಮತ್ತು ಒಂದು ಮೂಗರ್ಜಿ ಕೇಸು

1903ನೇ ಇಸವಿ. ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟಾಫರ್ಡ್‌ಶೈರ್ ಎಂಬ ಜಿಲ್ಲೆ, ಅದರಲ್ಲಿ ಗ್ರೇಟ್ ವೈರ್ಲಿ ಎಂಬ ಹಳ್ಳಿ. ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ಕಲ್ಲಿದ್ದಲು ಗಣಿ. ದನ, ಕುರಿ, ಕುದುರೆ ನಂಬಿಕೊಂಡವರೂ ಗಣಿಗೆ ಇಳಿಯುವವರೂ ಇದ್ದ ಊರು.

ಆ ವರ್ಷ ಫೆಬ್ರುವರಿಯ ಒಂದು ಬೆಳಿಗ್ಗೆ ಹೊಲದಲ್ಲಿ ಒಂದು ಕುದುರೆ ಹೊಟ್ಟೆ ಸೀಳಿದ ಸ್ಥಿತಿಯಲ್ಲಿ ಸಿಕ್ಕಿತು. ಯಾರೋ ರಾತ್ರಿ ಬಂದು ಹರಿತವಾದ ಆಯುಧದಿಂದ ಕೊಯ್ದು ಹೋಗಿದ್ದರು. ಕಳ್ಳತನವಲ್ಲ, ಮಾಂಸಕ್ಕಾಗಿಯೂ ಅಲ್ಲ. ಸುಮ್ಮನೆ ಕೊಯ್ದು ಬಿಟ್ಟಿದ್ದರು. ಕೆಲವು ವಾರಗಳ ನಂತರ ಇನ್ನೊಂದು ಪ್ರಾಣಿ, ಮತ್ತೆ ಇನ್ನೊಂದು. ಕುದುರೆ, ಹಸು, ಕುರಿ ಯಾವುದನ್ನೂ ಬಿಡಲಿಲ್ಲ. ಪೊಲೀಸರು ರಾತ್ರಿಯೆಲ್ಲಾ ಕಾವಲು ಕೂತರೂ ಕೈಗೆ ಒಬ್ಬನೂ ಸಿಗಲಿಲ್ಲ.

ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು ಕಟ್ಟಿಕೊಂಡವರಿಗೂ ಆ ಊರಿನ ಆಗಿನ ಮನಸ್ಥಿತಿ ಏನಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಭಯ ಹುಟ್ಟಿದ ಊರಿಗೆ ಬೇಗ ಒಂದು ಹೆಸರು ಬೇಕಾಗುತ್ತದೆ. ವೈರ್ಲಿಗೆ ಸಿಕ್ಕ ಹೆಸರು ಜಾರ್ಜ್ ಎಡಲ್ಜಿ. ವಯಸ್ಸು 27. ಕೆಲಸ ವಕೀಲಿ. ಅವನ ಅಪ್ಪ ನಮ್ಮ ಬೊಂಬಾಯಿಯವರು.

ಈ ಕೇಸನ್ನು ಬಿಡಿಸಿದವರು ಪೊಲೀಸರಲ್ಲ, ಒಬ್ಬ ಕಾದಂಬರಿಕಾರ. ಹೆಸರು ಆರ್ಥರ್ ಕಾನನ್ ಡಾಯ್ಲ್. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಕೊಂಡು ಬೆಳೆದವರು ಈಗಲೂ ಇದ್ದಾರೆ. ಇಂಗ್ಲಿಷಿನಲ್ಲಿ ಆ ಜಾಗ ಷರ್ಲಾಕ್ ಹೋಮ್ಸ್‌ನದು. ಆ ಹೋಮ್ಸ್‌ನನ್ನು ಸೃಷ್ಟಿಸಿದವರು ಈ ಡಾಯ್ಲ್. ಕೇಸಿಗೆ ಬರುವ ಮೊದಲು ಅವರ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು. ಯಾಕೆಂದರೆ ಅವರು ಕಲಿತ ಡಾಕ್ಟರಿಕೆಯೇ ಈ ಕೇಸಿನಲ್ಲಿ ಕೆಲಸಕ್ಕೆ ಬಂತು.

ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ. ಮೂಲ ಐರ್ಲೆಂಡಿನ ಕುಟುಂಬ. ಅಪ್ಪ ಚಾರ್ಲ್ಸ್ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು, ಒಳ್ಳೆಯ ಚಿತ್ರಕಾರ. ಆದರೆ ಕುಡಿತ ಅವರನ್ನು ತಿಂದುಹಾಕಿತು. ಕೊನೆಯ ವರ್ಷಗಳನ್ನು ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದು 1893ರಲ್ಲಿ ತೀರಿಕೊಂಡರು. ಮನೆ ನಡೆಸಿದ್ದು ಅಮ್ಮ ಮೇರಿ. ತನಗೆ ಕಥೆಯ ಹುಚ್ಚು ಹಿಡಿಸಿದ್ದು ಅಮ್ಮನೇ ಎಂದು ಡಾಯ್ಲ್ ಮುಂದೆ ಬರೆದುಕೊಂಡಿದ್ದಾರೆ.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದುವಾಗ ಅವರಿಗೆ ಜೋಸೆಫ್ ಬೆಲ್ ಎಂಬ ಮೇಷ್ಟ್ರು ಸಿಕ್ಕರು. ಬೆಲ್ ಶಸ್ತ್ರಚಿಕಿತ್ಸೆಯ ಡಾಕ್ಟರು. ರೋಗಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವನ ನಡಿಗೆ, ಕೈಯ ಗಂಟು, ಬಟ್ಟೆಯ ಕಲೆ, ಮಾತಿನ ಧಾಟಿ ನೋಡಿ ಇವನು ಯಾವ ಕೆಲಸದವನು, ಎಲ್ಲಿಂದ ಬಂದ ಎಂದು ಹೇಳಿಬಿಡುತ್ತಿದ್ದರು. ಹುಡುಗರು ಬೆರಗಾಗಿ ನೋಡುತ್ತಿದ್ದರು. ಬೆಲ್ ಮಾಡುತ್ತಿದ್ದುದು ಮಂತ್ರವಲ್ಲ. ಎಲ್ಲರೂ ನೋಡುವುದನ್ನು ಅವರು ಗಮನ ಇಟ್ಟು ನೋಡುತ್ತಿದ್ದರು, ಅಷ್ಟೇ. ಡಾಯ್ಲ್ ಅವರ ಕೈಕೆಳಗೆ ಹೊರರೋಗಿ ವಿಭಾಗದಲ್ಲಿ ಸಹಾಯಕರಾಗಿದ್ದರು. ಷರ್ಲಾಕ್ ಹೋಮ್ಸ್‌ನ ಬೇರು ಇಲ್ಲಿದೆ.

ಓದಿನ ನಡುವೆಯೇ 1880ರಲ್ಲಿ ತಿಮಿಂಗಿಲ ಹಿಡಿಯುವ ಹಡಗಿನಲ್ಲಿ ಡಾಕ್ಟರಾಗಿ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿಬಂದರು. ಓದು ಮುಗಿದ ಮೇಲೆ ಇನ್ನೊಂದು ಹಡಗಿನಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋದರು. 1882ರಲ್ಲಿ ಪೋರ್ಟ್ಸ್‌ಮತ್ ಹತ್ತಿರದ ಸೌತ್‌ಸೀಯಲ್ಲಿ ಕ್ಲಿನಿಕ್ ತೆರೆದಾಗ ಅವರ ಜೇಬಿನಲ್ಲಿ ಹತ್ತು ಪೌಂಡ್ ಕೂಡ ಇರಲಿಲ್ಲ. ರೋಗಿಗಳು ಕಡಿಮೆ, ಸಮಯ ಜಾಸ್ತಿ. ಆ ಸಮಯದಲ್ಲಿ ಬರೆದರು.

ಹೋಮ್ಸ್ ಬರುವ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್'. ಪ್ರಕಾಶಕರು ಅದರ ಪೂರ್ತಿ ಹಕ್ಕನ್ನು 25 ಪೌಂಡಿಗೆ ಕೊಂಡುಕೊಂಡರು. 1887ರಲ್ಲಿ ಒಂದು ಕ್ರಿಸ್‌ಮಸ್ ವಿಶೇಷಾಂಕದಲ್ಲಿ ಅಚ್ಚಾಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎರಡನೆಯದು 1890ರ 'ದಿ ಸೈನ್ ಆಫ್ ಫೋರ್'. ಇದರಲ್ಲಿ ನಮ್ಮ ದೇಶ ಬರುತ್ತದೆ. 1857ರ ದಂಗೆ, ಆಗ್ರಾದ ನಿಧಿ, ಅಂಡಮಾನಿನ ಜೈಲು ಎಲ್ಲವೂ ಇವೆ. ಜೊತೆಗೆ ಅಂಡಮಾನಿನ ಒಬ್ಬ ಆದಿವಾಸಿಯನ್ನು ವಿಷದ ಮುಳ್ಳು ಊದುವ ಪ್ರಾಣಿಯ ಹಾಗೆ ಚಿತ್ರಿಸಿದ್ದಾರೆ. ಈಗ ಓದಿದರೆ ಮುಜುಗರವಾಗುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1891ರಲ್ಲಿ ಡಾಯ್ಲ್ ಕಣ್ಣಿನ ಚಿಕಿತ್ಸೆ ಕಲಿಯಲು ವಿಯೆನ್ನಾಕ್ಕೆ ಹೋದರು. ಕೆಲವು ತಿಂಗಳಲ್ಲೇ ವಾಪಸ್ಸು ಬಂದು ಲಂಡನ್ನಿನಲ್ಲಿ ಕಣ್ಣಿನ ಡಾಕ್ಟರೆಂದು ಬೋರ್ಡು ಹಾಕಿದರು. ಒಬ್ಬ ರೋಗಿಯೂ ಬರಲಿಲ್ಲ ಎಂದು ಅವರೇ ತಮಾಷೆಯಾಗಿ ಬರೆದಿದ್ದಾರೆ. ಅದೇ ವರ್ಷ ಜುಲೈಯಿಂದ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್‌ನ ಸಣ್ಣ ಕಥೆಗಳು ಶುರುವಾದವು. ಪ್ರತಿ ತಿಂಗಳೂ ಒಂದು ಪೂರ್ತಿ ಕಥೆ, ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳು. ಧಾರಾವಾಹಿಯ ಹಾಗೆ ಹಿಂದಿನ ಕಂತು ತಪ್ಪಿಸಿಕೊಂಡೆ ಅಂತ ಓದುಗ ಕೊರಗಬೇಕಿಲ್ಲ. ಜನ ಮುಗಿಬಿದ್ದರು. ಡಾಯ್ಲ್ ಡಾಕ್ಟರಿಕೆ ಬಿಟ್ಟರು.

ಆದರೆ ಹೋಮ್ಸ್ ಎಂದರೆ ಅವರಿಗೆ ಬೇಗ ಬೇಸರ ಬಂತು. ತಾನು ಬರೆಯಬೇಕಾದ ದೊಡ್ಡ ಐತಿಹಾಸಿಕ ಕಾದಂಬರಿಗಳಿಗೆ ಇವನು ಅಡ್ಡ ಬರುತ್ತಿದ್ದಾನೆ ಎನ್ನುವುದು ಅವರ ಕೊರಗು. 1893ರ ಡಿಸೆಂಬರ್ ಸಂಚಿಕೆಯಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಒಂದು ಜಲಪಾತಕ್ಕೆ ಬೀಳಿಸಿ ಕಥೆ ಮುಗಿಸಿದರು. ಓದುಗರು ಬಿಡಲಿಲ್ಲ. 1901ರಲ್ಲಿ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಬರೆದರು, 1903ರಲ್ಲಿ ಹೋಮ್ಸ್ ಸತ್ತೇ ಇರಲಿಲ್ಲ ಎಂದು ಹೊಸ ಕಥೆ ಕಟ್ಟಿದರು. ಕೊನೆಗೆ ಒಟ್ಟು 4 ಕಾದಂಬರಿ, 56 ಸಣ್ಣ ಕಥೆ ಆದವು.

ಕಾಗದದ ಮೇಲೆ ಹೋಮ್ಸ್ ಬದುಕಿ ಬಂದ ಅದೇ 1903ರಲ್ಲಿ ವೈರ್ಲಿಯ ಜಾರ್ಜ್ ಜೈಲಿಗೆ ಹೋದ.

ಈಗ ಜಾರ್ಜ್‌ನ ಮನೆಗೆ ಬರೋಣ. ಅಪ್ಪ ಶಾಪುರ್ಜಿ ಎಡಲ್ಜಿ ಬೊಂಬಾಯಿಯ ಪಾರ್ಸಿ ಮನೆತನದವರು. ಕ್ರೈಸ್ತ ಧರ್ಮಕ್ಕೆ ಸೇರಿ, ಇಂಗ್ಲೆಂಡಿಗೆ ಹೋಗಿ ಪಾದ್ರಿಯಾದರು. ಇಂಗ್ಲಿಷ್ ಹೆಂಗಸು ಷಾರ್ಲೆಟ್‌ರನ್ನು ಮದುವೆಯಾದರು. ವೈರ್ಲಿಯ ಚರ್ಚಿನ ಹೊಣೆ ಸಿಕ್ಕಿದ ಹೊಸದರಲ್ಲೇ, 1876ರ ಜನವರಿಯಲ್ಲಿ ಜಾರ್ಜ್ ಹುಟ್ಟಿದ. ಆಮೇಲೆ ಒಬ್ಬ ತಮ್ಮ, ಒಬ್ಬ ತಂಗಿ. ಕಂದು ಬಣ್ಣದ ಪಾದ್ರಿ ಬಿಳಿಯರ ಹಳ್ಳಿಗೆ ಪ್ರವಚನ ಹೇಳುವುದು ಆ ಕಾಲದಲ್ಲಿ ಬಹಳ ಅಪರೂಪ. ಎಲ್ಲರಿಗೂ ಅದು ಹಿಡಿಸಲಿಲ್ಲ.

1888ರಲ್ಲಿ ಮನೆಗೆ ಮೂಗರ್ಜಿಗಳು ಬರಲು ಶುರುವಾದವು. ಹೆಸರಿಲ್ಲದ, ಬೈಗುಳ ತುಂಬಿದ ಕಾಗದಗಳು. ಆಗ ಮನೆಯ ಕೆಲಸದ ಹುಡುಗಿಯ ಮೇಲೆ ಕೇಸಾಗಿ ಸ್ವಲ್ಪ ದಿನ ನಿಂತವು. 1892ರಿಂದ ಮತ್ತೆ ಶುರುವಾಗಿ ಮೂರು ವರ್ಷ ಬಿಡದೆ ಬಂದವು. ಕಾಗದ ಮಾತ್ರವಲ್ಲ, ಮನೆ ಬಾಗಿಲಿಗೆ ಹೊಲಸು ಎಸೆದರು. ಪಾದ್ರಿಯ ಹೆಸರಿನಲ್ಲಿ ಪತ್ರಿಕೆಗಳಿಗೆ ಸುಳ್ಳು ಜಾಹೀರಾತು ಕೊಟ್ಟರು. ಅಂಗಡಿಗಳಿಗೆ ಪಾದ್ರಿಯ ಹೆಸರಲ್ಲಿ ಆರ್ಡರ್ ಹೋಗಿ, ಯಾರೂ ಕೇಳದ ಸಾಮಾನು ಮನೆಮುಂದೆ ಬಂದು ನಿಲ್ಲುತ್ತಿತ್ತು.

ಪಾದ್ರಿ ಪೊಲೀಸರಿಗೆ ದೂರು ಕೊಟ್ಟರು. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಆನ್ಸನ್. ಅವನು ಹುಡುಕಿದ್ದು ಕಾಗದ ಬರೆದವನನ್ನಲ್ಲ, ಕಾಗದ ಬಂದ ಮನೆಯ ಹುಡುಗನನ್ನು. ಒಂದು ದಿನ ವಾಲ್ಸಾಲ್ ಊರಿನ ಶಾಲೆಯ ಬೀಗದ ಕೈ ಪಾದ್ರಿ ಮನೆ ಹೊಸ್ತಿಲ ಮೇಲೆ ಸಿಕ್ಕಿತು. ಅದನ್ನು ಕದ್ದು ತಂದಿಟ್ಟವನು ಜಾರ್ಜ್ ಎಂದು ಆನ್ಸನ್ ತೀರ್ಮಾನಿಸಿದ. ಜಾರ್ಜ್ ಆ ಶಾಲೆಯಲ್ಲಿ ಓದಿದವನೇ ಅಲ್ಲ. ನಿಮ್ಮ ಮಗ ತಾನು ಮಾಡಿಲ್ಲವೆಂದು ಎಷ್ಟು ಹೇಳಿದರೂ ನಾನು ನಂಬುವುದಿಲ್ಲ ಎಂಬ ಅರ್ಥದಲ್ಲಿ ಅಪ್ಪನಿಗೇ ಪತ್ರ ಬರೆದ. ತಪ್ಪಿತಸ್ಥನಿಗೆ ಜೈಲು ಕಾಣಿಸುವ ಆಸೆಯನ್ನೂ ಇನ್ನೊಮ್ಮೆ ಪತ್ರದಲ್ಲಿ ಹೇಳಿಕೊಂಡ. ಒಂದು ದನದ ಮೈಮೇಲೂ ಗಾಯವಾಗುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು ಇದು. ನನ್ನ ಮಟ್ಟಿಗೆ ಇಡೀ ಕೇಸಿನ ಬೀಜ ಈ ಪತ್ರಗಳಲ್ಲಿದೆ. ಅಪರಾಧಿಯನ್ನು ಮೊದಲು ಆರಿಸಿಕೊಂಡು ಅಪರಾಧಕ್ಕಾಗಿ ಕಾಯುತ್ತಿದ್ದರು.

ಜಾರ್ಜ್ ಮಾತ್ರ ತಲೆ ತಗ್ಗಿಸಿ ಓದಿದ. ಬರ್ಮಿಂಗ್‌ಹ್ಯಾಮಿನಲ್ಲಿ ಕಾನೂನು ಕಲಿತ, ಬಹುಮಾನ ಪಡೆದ, ಅಲ್ಲೇ ಕಚೇರಿ ತೆರೆದ. ದಿನಾ ಹಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ. ರೈಲು ಪ್ರಯಾಣಿಕನಿಗೆ ಯಾವ ಯಾವ ಹಕ್ಕುಗಳಿವೆ ಎಂದು ತಿಳಿಸುವ ಒಂದು ಚಿಕ್ಕ ಪುಸ್ತಕ 1901ರಲ್ಲಿ ಬರೆದ. ಕುಡಿಯುವುದಿಲ್ಲ, ಸಿಗರೇಟಿಲ್ಲ, ಗೆಳೆಯರ ಗುಂಪಿಲ್ಲ. ಸಂಜೆ ಒಬ್ಬನೇ ವಾಕಿಂಗ್ ಹೋಗುತ್ತಿದ್ದ. ಇಂಥವನು ಊರಿನ ಕಣ್ಣಿಗೆ ಒಳ್ಳೆಯವನಾಗಿ ಕಾಣಬೇಕಿತ್ತು. ವಿಚಿತ್ರದವನಾಗಿ ಕಂಡ.

1903ರಲ್ಲಿ ದನಗಳನ್ನು ಕೊಯ್ಯುವುದು ಶುರುವಾದಾಗ ಮೂಗರ್ಜಿಗಳೂ ಮತ್ತೆ ಶುರುವಾದವು. ಈ ಸಲ ಪೊಲೀಸರಿಗೇ ಬಂದವು. ಒಂದು ಗ್ಯಾಂಗ್ ಇದೆ, ಅದರಲ್ಲಿ ಎಡಲ್ಜಿಯೂ ಇದ್ದಾನೆ ಎಂದು ಬರೆದಿತ್ತು. ಪೊಲೀಸರು ಅದನ್ನು ಓದಿದ ರೀತಿಯೇ ಬೇರೆ. ಈ ಕಾಗದ ಬರೆದವನೂ ಅವನೇ, ದನ ಕೊಯ್ದವನೂ ಅವನೇ ಎಂದರು. ತನ್ನ ಮೇಲೆ ತಾನೇ ಮೂಗರ್ಜಿ ಬರೆದುಕೊಳ್ಳುವ ವಕೀಲ!

ಆಗಸ್ಟ್ 18ರ ಬೆಳಿಗ್ಗೆ, ಗಣಿಯೊಳಗೆ ಗಾಡಿ ಎಳೆಯುವ ಒಂದು ತಟ್ಟು ಕುದುರೆ ಹೊಟ್ಟೆ ಸೀಳಿ ರಕ್ತ ಸುರಿಸುತ್ತಾ ಹೊಲದಲ್ಲಿ ನಿಂತಿತ್ತು. ಕೆಲಸಕ್ಕೆ ಹೊರಟ ಹುಡುಗನೊಬ್ಬ ನೋಡಿದ. ಕೆಲವೇ ಗಂಟೆಗಳಲ್ಲಿ ಪೊಲೀಸರು ಪಾದ್ರಿ ಮನೆಗೆ ಬಂದರು. ಜಾರ್ಜ್ ಆಗಲೇ ರೈಲು ಹಿಡಿದು ಕಚೇರಿಗೆ ಹೋಗಿದ್ದ. ಅವನ ಹಳೆಯ ಕೋಟು, ಕೆಸರಾದ ಬೂಟು, ಮನೆಯಲ್ಲಿದ್ದ ಕ್ಷೌರದ ಕತ್ತಿಗಳನ್ನು ತೆಗೆದುಕೊಂಡು ಹೋದರು. ಅದೇ ದಿನ ಬರ್ಮಿಂಗ್‌ಹ್ಯಾಮಿನಲ್ಲಿ ಅವನನ್ನು ಬಂಧಿಸಿದರು.

ಸಾಕ್ಷ್ಯ ಏನಿತ್ತು? ಒಂದೊಂದೇ ನೋಡಿ.

ಕೋಟಿನ ಮೇಲೆ ಕುದುರೆಯ ಕೂದಲು ಸಿಕ್ಕಿತು ಎಂದರು. ಬೆಳಿಗ್ಗೆ ಕೋಟು ತೋರಿಸಿದಾಗ ಅಪ್ಪ, ಅಮ್ಮ, ತಂಗಿ ಮೂವರೂ ಬೆಳಕಿನಲ್ಲಿ ಹಿಡಿದು ನೋಡಿ, ಕೂದಲು ಇಲ್ಲವೇ ಇಲ್ಲ ಎಂದಿದ್ದರು. ಸಂಜೆ ಪೊಲೀಸ್ ಡಾಕ್ಟರು ಅದೇ ಕೋಟಿನಲ್ಲಿ 29 ಕೂದಲು ಎಣಿಸಿದರು. ನಡುವೆ ಆ ತಟ್ಟಿನ ಚರ್ಮದ ಒಂದು ತುಂಡನ್ನು ಪೊಲೀಸರು ಕತ್ತರಿಸಿ ತಂದಿದ್ದರು. ಬೂಟು ಹೊಲದ ಹೆಜ್ಜೆಗುರುತಿಗೆ ಹೊಂದುತ್ತದೆ ಎಂದರು. ಅಳತೆ ತೆಗೆದಿರಲಿಲ್ಲ, ಅಚ್ಚು ತೆಗೆದಿರಲಿಲ್ಲ. ಪಕ್ಕದ ಮಣ್ಣಿನಲ್ಲಿ ಬೂಟು ಒತ್ತಿ ಕಣ್ಣಳತೆಯಲ್ಲೇ ಹೋಲಿಸಿದ್ದರು. ಅಷ್ಟು ಹೊತ್ತಿಗೆ ಗಣಿಗೆ ಹೋಗುವವರೂ ನೋಡಲು ಬಂದವರೂ ಆ ಹೊಲವನ್ನು ತುಳಿದಿದ್ದರು. ಮೂಗರ್ಜಿಗಳ ಕೈಬರಹ ಜಾರ್ಜ್‌ನದೇ ಎಂದು ಗರಿನ್ ಎಂಬ ಕೈಬರಹ ತಜ್ಞ ಸಾಕ್ಷಿ ಹೇಳಿದ. ಇದೇ ಗರಿನ್ ಹೇಳಿದ ಸಾಕ್ಷಿಯ ಮೇಲೆ ಆಡಾಲ್ಫ್ ಬೆಕ್ ಎಂಬ ಇನ್ನೊಬ್ಬ ನಿರಪರಾಧಿ ಜೈಲು ಸೇರಿದ್ದ. ಆ ತಪ್ಪು ಹೊರಬಿದ್ದದ್ದು 1904ರಲ್ಲಿ, ಜಾರ್ಜ್‌ನ ವಿಚಾರಣೆ ಮುಗಿದ ಮೇಲೆ.

ಹೊತ್ತಿನ ವಿಷಯ ಇನ್ನೂ ಸೋಜಿಗ. ಮೊದಲು ಪೊಲೀಸರು, ಸಂಜೆ ವಾಕಿಂಗ್ ಹೋದಾಗ ಕೊಯ್ದ ಎಂದರು. ಗಾಯ ಅಷ್ಟು ಹಳೆಯದಲ್ಲ ಎಂದು ಪಶುವೈದ್ಯರು ಹೇಳಿದ ಮೇಲೆ, ಮಧ್ಯರಾತ್ರಿ ಕಳೆದು ಎದ್ದು ಹೋದ ಎಂದು ಬದಲಾಯಿಸಿದರು. ಜಾರ್ಜ್ ಮಲಗುತ್ತಿದ್ದದ್ದು ಅಪ್ಪನ ಕೋಣೆಯಲ್ಲೇ, ಒಳಗಿನಿಂದ ಬೀಗ ಹಾಕಿಕೊಂಡು. ಅಪ್ಪ ಪಾದ್ರಿ, ಪ್ರಮಾಣ ಮಾಡಿ ಹೇಳಿದರು, ಮಗ ರಾತ್ರಿ ಕೋಣೆ ಬಿಟ್ಟು ಹೋಗಿಲ್ಲ ಎಂದು. ಮನೆಯ ಹೊರಗೆ ಪೊಲೀಸರದೇ ಕಾವಲಿತ್ತು, ಅವರೂ ಯಾರನ್ನೂ ಕಂಡಿರಲಿಲ್ಲ. ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಪತ್ರಿಕೆಗಳ ಪಾತ್ರವನ್ನು ಇಲ್ಲಿ ಹೇಳಲೇಬೇಕು, ಅದು ನಮ್ಮದೇ ಕಸುಬಾದ್ದರಿಂದ. ಊರಿನ ಸಾರಾಯಿ ಅಂಗಡಿಗಳಲ್ಲಿ ಓಡಾಡುತ್ತಿದ್ದ ಮಾತನ್ನು ಅಲ್ಲಿನ ಪತ್ರಿಕೆಯ ವರದಿಗಾರನೊಬ್ಬ ಅಚ್ಚು ಮಾಡಿದ. ಎಡಲ್ಜಿ ರಾತ್ರಿ ಹೋಗಿ ಯಾವುದೋ ಪರದೇಶಿ ದೇವರಿಗೆ ದನಗಳನ್ನು ಬಲಿ ಕೊಡುತ್ತಾನೆ ಎಂದು ಜನ ನಂಬಿದ್ದರಂತೆ. ಚರ್ಚಿನ ಪಾದ್ರಿಯ ಮಗ, ಅಲ್ಲೇ ಹುಟ್ಟಿದವನು, ಭಾರತದ ಮಣ್ಣು ಮುಟ್ಟದವನು! ಜನ ಹಾಗೆ ಮಾತಾಡಿದ್ದು ನಿಜವೇ ಇರಬಹುದು. ಆ ಮಾತಿಗೆ ಆಧಾರ ಏನು ಅಂತ ಆ ವರದಿಗಾರ ಒಬ್ಬರನ್ನಾದರೂ ಕೇಳಬೇಕಿತ್ತು.

ಅಕ್ಟೋಬರ್ 1903ರಲ್ಲಿ ಸ್ಟಾಫರ್ಡಿನ ನ್ಯಾಯಾಲಯ ಏಳು ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ವಕೀಲಿ ಪಟ್ಟಿಯಿಂದ ಜಾರ್ಜ್‌ನ ಹೆಸರು ಹೋಯಿತು. ಅವನು ಒಳಗಿದ್ದಾಗಲೂ ಊರಿನಲ್ಲಿ ಪ್ರಾಣಿಗಳ ಮೇಲಿನ ದಾಳಿ ನಿಲ್ಲಲಿಲ್ಲ. ಅದಕ್ಕೂ ಪೊಲೀಸರ ಬಳಿ ಉತ್ತರವಿತ್ತು: ಅವನ ಗ್ಯಾಂಗಿನವರು ಮಾಡುತ್ತಿದ್ದಾರೆ.

ಬಹಾಮಾಸಿನಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಯೆಲ್ವರ್ಟನ್ ಎಂಬುವರು ಮುಂದೆ ನಿಂತು ಸರ್ಕಾರಕ್ಕೆ ಮನವಿ ಕೊಡಿಸಿದರು. ಸುಮಾರು 10,000 ಜನ ಸಹಿ ಹಾಕಿದರು. 1906ರ ಅಕ್ಟೋಬರಿನಲ್ಲಿ, ಮೂರು ವರ್ಷ ಕಳೆದ ಮೇಲೆ, ಜಾರ್ಜ್‌ನನ್ನು ಬಿಟ್ಟರು. ಯಾಕೆ ಬಿಟ್ಟರು ಎಂದು ಹೇಳಲಿಲ್ಲ. ನಿರಪರಾಧಿ ಎಂದೂ ಹೇಳಲಿಲ್ಲ. ಅವನು ತನ್ನ ಕಥೆಯನ್ನು 'ದಿ ಅಂಪೈರ್' ಎಂಬ ಸಣ್ಣ ಪತ್ರಿಕೆಗೆ ಬರೆದ. ಅದು ಡಾಯ್ಲ್ ಅವರ ಕೈಗೆ ಬಂತು.

ಡಾಯ್ಲ್ ಆಗ 47ರ ಹತ್ತಿರ. 1902ರಲ್ಲೇ ಸರ್ ಪದವಿ ಬಂದಿತ್ತು. ಆದರೆ ಆ ವರ್ಷ ಜುಲೈನಲ್ಲಿ ಹೆಂಡತಿ ಲೂಯಿಸಾ ತೀರಿಕೊಂಡಿದ್ದರು. ಕ್ಷಯರೋಗದಿಂದ ಹದಿಮೂರು ವರ್ಷ ನರಳಿದ್ದರು. ಡಾಯ್ಲ್ ಬರವಣಿಗೆ ನಿಲ್ಲಿಸಿ ಮಂಕಾಗಿ ಕೂತಿದ್ದ ಹೊತ್ತು ಅದು. ಜಾರ್ಜ್‌ನ ಕಥೆ ಓದಿ ಎದ್ದು ನಿಂತರು. ಮುಂದಿನ ಎಂಟು ತಿಂಗಳು ಈ ಕೇಸು ಬಿಟ್ಟು ಬೇರೆ ಕೆಲಸ ಮುಟ್ಟಿದ್ದು ಕಡಿಮೆ.

ಇಬ್ಬರೂ ಲಂಡನ್ನಿನ ಚೇರಿಂಗ್ ಕ್ರಾಸ್ ಹತ್ತಿರದ ಹೋಟೆಲಿನಲ್ಲಿ ಭೇಟಿಯಾಗಬೇಕಿತ್ತು. ಡಾಯ್ಲ್ ಬರುವುದು ತಡವಾಯಿತು. ಬಂದಾಗ ಜಾರ್ಜ್ ಪತ್ರಿಕೆ ಓದುತ್ತಾ ಕೂತಿದ್ದ. ಡಾಯ್ಲ್ ತಕ್ಷಣ ಹತ್ತಿರ ಹೋಗಲಿಲ್ಲ, ದೂರ ನಿಂತು ನೋಡಿದರು. ಪತ್ರಿಕೆಯನ್ನು ಮುಖಕ್ಕೆ ಅಂಟಿಸಿಕೊಂಡ ಹಾಗೆ, ಸ್ವಲ್ಪ ಓರೆಯಾಗಿ ಹಿಡಿದಿದ್ದ. ಕನ್ನಡಕವನ್ನೂ ಹಾಕಿರಲಿಲ್ಲ. ರೋಗಿಯೇ ಬಾರದ ಆ ಕಣ್ಣಿನ ಡಾಕ್ಟರಿಗೆ ಅಲ್ಲಿ ನಿಂತೇ ಅರ್ಥವಾಯಿತು.

ಆಮೇಲೆ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿದರು. ಜಾರ್ಜ್‌ಗೆ 8 ಡಯಾಪ್ಟರ್‌ನಷ್ಟು ಸಮೀಪದೃಷ್ಟಿ, ಅದರ ಜೊತೆ ಕಣ್ಣಿನ ಗುಡ್ಡೆಯ ವಕ್ರತೆಯ ದೋಷ. ಮೈನಸ್ 8 ಎಂದರೆ ಹನ್ನೆರಡೂವರೆ ಸೆಂಟಿಮೀಟರಿಗಿಂತ ಆಚೆ ಇರುವುದೆಲ್ಲ ಮಸುಕು, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ಇಂಥವನು ಬೆಳದಿಂಗಳೂ ಇಲ್ಲದ ಮಳೆಯ ರಾತ್ರಿಯಲ್ಲಿ, ದೀಪವಿಲ್ಲದೆ, ಸುಮಾರು ಅರ್ಧ ಮೈಲಿ ನಡೆದು, ರೈಲು ಹಳಿಗಳನ್ನು ದಾಟಿ, ಬೇಲಿ ನುಸುಳಿ, ಪೊಲೀಸರ ಕಣ್ಣು ತಪ್ಪಿಸಿ, ಹೊಲದ ಕತ್ತಲಲ್ಲಿ ತಟ್ಟನ್ನು ಹುಡುಕಿ, ಒಂದೇ ಏಟಿಗೆ ಹೊಟ್ಟೆ ಕೊಯ್ದು, ಅದೇ ದಾರಿಯಲ್ಲಿ ವಾಪಸ್ಸು ಬಂದು ಅಪ್ಪನಿಗೆ ಗೊತ್ತಾಗದ ಹಾಗೆ ಮಲಗಿದ! ವಿಚಾರಣೆ ನಡೆದಾಗ ಜಾರ್ಜ್‌ನ ವಕೀಲರು ಒಬ್ಬ ಕಣ್ಣಿನ ಡಾಕ್ಟರನ್ನೂ ಸಾಕ್ಷಿಗೆ ಕರೆದಿರಲಿಲ್ಲ.

ಡಾಯ್ಲ್ ಅಲ್ಲಿಗೇ ನಿಲ್ಲಿಸಲಿಲ್ಲ. ವೈರ್ಲಿಗೆ ಹೋದರು. ಪಾದ್ರಿ ಮನೆಯಿಂದ ಆ ಹೊಲಕ್ಕೆ ತಾವೇ ನಡೆದು ನೋಡಿದರು. ಮೂಗರ್ಜಿಗಳನ್ನು ಓದಿದರು, ಆನ್ಸನ್‌ನನ್ನೂ ಭೇಟಿಯಾದರು. 1907ರ ಜನವರಿ 11 ಮತ್ತು 12ರಂದು 'ಡೇಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಎರಡು ಉದ್ದನೆಯ ಲೇಖನ ಬರೆದರು. ಅದರ ಮೇಲೆ ಹಕ್ಕು ಕಾಯ್ದಿರಿಸಿಲ್ಲ, ಯಾರು ಬೇಕಾದರೂ ಮರುಮುದ್ರಿಸಬಹುದು ಎಂದು ಸೇರಿಸಿದರು. ಒಂದು ಸಾಲಿಗೂ ದುಬಾರಿ ಬೆಲೆ ಸಿಗುತ್ತಿದ್ದ ಲೇಖಕ ಅವರು. ಬೇರೆ ಪತ್ರಿಕೆಗಳು ಎತ್ತಿಕೊಂಡವು, ದೇಶವೆಲ್ಲಾ ಓದಿತು.

ಲೇಖನದ ಧಾಟಿ ನೋಡಬೇಕು. ಈ ಹುಡುಗ ಒಳ್ಳೆಯವನು, ಪಾಪ, ಬಿಟ್ಟುಬಿಡಿ ಎಂದು ಅವರು ಅಂಗಲಾಚಲಿಲ್ಲ. ಕೋಟು, ಕೂದಲು, ಬೂಟು, ಹೊತ್ತು, ದಾರಿ, ಕಣ್ಣು ಎಂದು ಒಂದೊಂದೇ ಸಾಕ್ಷ್ಯವನ್ನು ಎತ್ತಿ ಬೆಳಕಿಗೆ ಹಿಡಿದರು. ಬಣ್ಣದ ದ್ವೇಷ ಇದರ ಹಿಂದೆ ಕೆಲಸ ಮಾಡಿದೆ ಎಂದು ನೇರವಾಗಿ ಬರೆದರು.

ಸರ್ಕಾರ ಮೂವರ ಸಮಿತಿ ಮಾಡಿತು. ಅದರಲ್ಲಿ ಒಬ್ಬರು ಆನ್ಸನ್‌ನ ಸಂಬಂಧಿ. 1907ರ ಮೇ ತಿಂಗಳಲ್ಲಿ ವರದಿ ಬಂತು. ತಟ್ಟನ್ನು ಕೊಯ್ದದ್ದು ಜಾರ್ಜ್ ಅಲ್ಲ, ಕ್ಷಮಾದಾನ ಕೊಡಬಹುದು ಎಂದಿತು. ಆದರೆ ಮೂಗರ್ಜಿಗಳಲ್ಲಿ ಕೆಲವನ್ನು ಅವನೇ ಬರೆದಿದ್ದಾನೆ, ಹಾಗಾಗಿ ಕಷ್ಟವನ್ನು ಸ್ವಲ್ಪ ಮಟ್ಟಿಗೆ ತಾನೇ ತಂದುಕೊಂಡ ಎಂದೂ ಸೇರಿಸಿತು. ಆ ಒಂದು ಮಾತಿನಿಂದ ಪರಿಹಾರ ಕೊಡುವುದು ತಪ್ಪಿತು. ಮೂರು ವರ್ಷದ ಜೈಲಿಗೆ ಒಂದು ಪೈಸೆ ಕೊಡಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಎಂದರೇನು ಎಂದು ಡಾಯ್ಲ್ ಸಿಟ್ಟಾದರು. ಪತ್ರಿಕೆಯ ಓದುಗರು ಸೇರಿಸಿಕೊಟ್ಟದ್ದು ಸುಮಾರು 300 ಪೌಂಡ್. ಆ ವರ್ಷದ ಕೊನೆಗೆ ವಕೀಲಿ ಪಟ್ಟಿಗೆ ಜಾರ್ಜ್‌ನ ಹೆಸರು ವಾಪಸ್ಸು ಬಂತು.

ಇದರಿಂದ ಆದ ದೊಡ್ಡ ಕೆಲಸ ಇನ್ನೊಂದಿದೆ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದವನು ಮೇಲ್ಮನವಿ ಹಾಕಲು ಸರಿಯಾದ ನ್ಯಾಯಾಲಯವೇ ಇರಲಿಲ್ಲ. ಗೃಹಮಂತ್ರಿಯ ದಯೆಗೆ ಕೈಚಾಚಬೇಕಿತ್ತು. ವರ್ಷಗಳಿಂದ ನಡೆಯುತ್ತಿದ್ದ ಈ ಚರ್ಚೆಗೆ ಬೆಕ್ ಮತ್ತು ಎಡಲ್ಜಿ ಕೇಸುಗಳು ಬಲ ಕೊಟ್ಟವು. 1907ರಲ್ಲೇ ಕ್ರಿಮಿನಲ್ ಮೇಲ್ಮನವಿ ಕಾಯಿದೆ ಬಂತು. ಇದು ಡಾಯ್ಲ್ ಒಬ್ಬರಿಂದಲೇ ಆಯಿತು ಎಂದು ಕೆಲವರು ಬರೆಯುತ್ತಾರೆ. ಅದು ಹೆಚ್ಚಾಯಿತು. ಆದರೆ ಅವರ ಲೇಖನಗಳು ಸರಿಯಾದ ಹೊತ್ತಿಗೆ ಬಿದ್ದವು ಎನ್ನುವುದು ನಿಜ.

ಹಾಗಂತ ಡಾಯ್ಲ್ ಅವರನ್ನು ದೇವರು ಮಾಡುವುದು ಬೇಡ. ಜಾರ್ಜ್ ಅಲ್ಲ ಎಂದ ಮೇಲೆ ಮತ್ತೆ ಯಾರು ಎಂಬ ಪ್ರಶ್ನೆ ಅವರನ್ನು ಕಾಡಿತು. ಅದೇ ಊರಿನ ಕಡೆಯ ಒಬ್ಬ ಯುವಕನ ಮೇಲೆ ಅನುಮಾನ ಪಟ್ಟು ಗೃಹ ಇಲಾಖೆಗೆ ಹೆಸರು ಕೊಟ್ಟರು. ಆ ಯುವಕ ಹಿಂದೆ ದನ ಸಾಗಿಸುವ ಹಡಗಿನಲ್ಲಿ ಕೆಲಸ ಮಾಡಿದ್ದ, ಹೀಗೆ ಕೆಲವು ಅಂಶಗಳು ಅವರ ಬಳಿ ಇದ್ದವು. ಸಾಕ್ಷ್ಯ ತೆಳುವಾಗಿತ್ತು, ಇಲಾಖೆ ಒಪ್ಪಲಿಲ್ಲ. ಹೋಮ್ಸ್‌ನ ಕಥೆಯಲ್ಲಿ ಕೊನೆಯ ಪುಟದಲ್ಲಿ ಅಪರಾಧಿ ಸಿಗಲೇಬೇಕು. ನಿಜವಾದ ಕೇಸಿನಲ್ಲಿ ಆ ಅಭ್ಯಾಸ ಅಪಾಯ. ಆನ್ಸನ್ ಬಿದ್ದ ಹಳ್ಳದ ಅಂಚಿಗೇ ಡಾಯ್ಲ್ ಕೂಡ ಬಂದು ನಿಂತಿದ್ದರು ಎಂದು ನನಗೆ ಅನಿಸುತ್ತದೆ.

ಅಂಡಮಾನಿನ ಆದಿವಾಸಿಯನ್ನು ನೆನಪಿಡಿ ಎಂದಿದ್ದೆನಲ್ಲ. 1924ರಲ್ಲಿ ಬಂದ ಆತ್ಮಕಥೆಯಲ್ಲಿ ಡಾಯ್ಲ್ ಈ ಕೇಸನ್ನು ಹೆಮ್ಮೆಯಿಂದ ವಿವರಿಸುತ್ತಾರೆ. ಜೊತೆಗೆ, ಕಪ್ಪು ಬಣ್ಣದ ಪಾದ್ರಿಯನ್ನು ಅಂಥ ಒರಟು ಊರಿಗೆ ಹಾಕಿದ್ದೇ ಸರಿಯಲ್ಲ, ಆ ಪ್ರಯೋಗ ಮತ್ತೆ ನಡೆಯದಿರಲಿ ಎಂಬ ಧಾಟಿಯಲ್ಲಿ ಬರೆಯುತ್ತಾರೆ. ಜಾರ್ಜ್‌ಗಾಗಿ ಅಷ್ಟು ಹೊಡೆದಾಡಿದ ಮನುಷ್ಯನೇ, ತೊಂದರೆಯ ಮೂಲ ಪಾದ್ರಿಯ ಬಣ್ಣದಲ್ಲಿದೆ ಎಂಬಂತೆ ಮಾತಾಡುತ್ತಾರೆ. ಅವರು ತಮ್ಮ ಕಾಲದ ಮನುಷ್ಯ, ಸಾಮ್ರಾಜ್ಯದ ಅಭಿಮಾನಿ. ಆದರೂ ಎದುರಿಗೆ ಕೂತ ಒಬ್ಬನಿಗೆ ಅನ್ಯಾಯವಾಗಿದೆ ಎಂದು ಕಂಡಾಗ ಸುಮ್ಮನೆ ಕೂರಲಿಲ್ಲ. ಎರಡೂ ನಿಜ.

ಮುಂದೆಯೂ ಹೀಗೆಯೇ ಇದ್ದರು. ಗ್ಲಾಸ್ಗೋದಲ್ಲಿ ಒಬ್ಬ ವೃದ್ಧೆಯ ಕೊಲೆಗೆ 1909ರಲ್ಲಿ ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯೆಹೂದಿಗೆ ಶಿಕ್ಷೆಯಾಗಿತ್ತು. ಅವನ ಪರವಾಗಿ 1912ರಲ್ಲಿ ಡಾಯ್ಲ್ ಒಂದು ಪುಸ್ತಿಕೆ ಬರೆದರು, ವರ್ಷಗಟ್ಟಲೆ ಬಿಡದೆ ಹಿಂದೆ ಬಿದ್ದರು. ಹದಿನೆಂಟು ವರ್ಷ ಜೈಲು ಕಂಡ ಸ್ಲೇಟರ್ 1927ರಲ್ಲಿ ಹೊರಬಂದ, ಮರುವರ್ಷ ಶಿಕ್ಷೆ ರದ್ದಾಯಿತು. ಪರಿಹಾರದ 6,000 ಪೌಂಡ್ ಬಂದ ಮೇಲೆ ಖರ್ಚಿನ ವಿಷಯಕ್ಕೆ ಇಬ್ಬರೂ ಜಗಳವಾಡಿಕೊಂಡರು. ಇನ್ನೊಂದು ಕಡೆ, ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೋಗಳನ್ನು ಇದೇ ಡಾಯ್ಲ್ ನಿಜವೆಂದು ನಂಬಿ 1920ರಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಬರೆದರು. ಅವು ಕಾಗದದಲ್ಲಿ ಕತ್ತರಿಸಿದ ಗೊಂಬೆಗಳೆಂದು ಆ ಇಬ್ಬರೂ ಮುದುಕಿಯರಾದ ಮೇಲೆ 1983ರಲ್ಲಿ ಒಪ್ಪಿಕೊಂಡರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಮಗ ಕಿಂಗ್ಸ್‌ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾಗಿದ್ದ. ಸತ್ತವರ ಜೊತೆ ಮಾತಾಡಬಹುದು ಎಂಬ ನಂಬಿಕೆ ಡಾಯ್ಲ್ ಅವರನ್ನು ಆಗ ಪೂರ್ತಿ ಆವರಿಸಿತ್ತು. 1930ರ ಜುಲೈ 7ರಂದು ತೀರಿಕೊಂಡರು.

1907ರ ಸೆಪ್ಟೆಂಬರಿನಲ್ಲಿ ಡಾಯ್ಲ್ ಎರಡನೇ ಮದುವೆಯಾದಾಗ ಜಾರ್ಜ್ ಕೂಡ ಅತಿಥಿಯಾಗಿ ಬಂದಿದ್ದ. ಅವನ ಅಪ್ಪ ಶಾಪುರ್ಜಿ ಊರು ಬಿಟ್ಟು ಓಡಲಿಲ್ಲ. 1918ರಲ್ಲಿ ಸಾಯುವವರೆಗೂ ವೈರ್ಲಿಯ ಪಾದ್ರಿಯಾಗಿಯೇ ಇದ್ದರು. ಜಾರ್ಜ್ ಲಂಡನ್ನಿನಲ್ಲಿ ಸಣ್ಣ ವಕೀಲಿ ಕಚೇರಿ ಇಟ್ಟುಕೊಂಡು, ತಂಗಿ ಮಾಡ್ ಜೊತೆ ಬದುಕಿದ. ಮದುವೆಯಾಗಲಿಲ್ಲ.

1934ರಲ್ಲಿ ಈನಕ್ ನೋಲ್ಸ್ ಎಂಬ ಕಾರ್ಮಿಕನೊಬ್ಬ ಮೂಗರ್ಜಿ ಬರೆಯುವಾಗ ಸಿಕ್ಕಿಬಿದ್ದ. ಮೂವತ್ತು ವರ್ಷಗಳಿಂದ ಬರೆಯುತ್ತಿದ್ದೇನೆ, ವೈರ್ಲಿ ಕೇಸಿನ ಹೊತ್ತಿನ ಕೆಲವು ಕಾಗದಗಳೂ ನನ್ನವೇ ಎಂದು ಒಪ್ಪಿಕೊಂಡ. ಆಗ ಜಾರ್ಜ್‌ಗೆ 58 ವರ್ಷ. ಒಂದು ಪತ್ರಿಕೆಗೆ ತನ್ನ ಕಥೆಯನ್ನು ಮತ್ತೊಮ್ಮೆ ಬರೆದ. 1953ರ ಜೂನ್ 17ರಂದು ಸತ್ತ. ಪರಿಹಾರ ಕೊನೆಗೂ ಬರಲಿಲ್ಲ. ಆ ತಟ್ಟನ್ನು ಕೊಯ್ದವರು ಯಾರು ಎನ್ನುವುದೂ ಪತ್ತೆಯಾಗಲಿಲ್ಲ.